ಜಪಾನಿನವರು ಬರೆದ ರಾಮ ನಮಗೆ ಯಾಕಿಷ್ಟು ಹತ್ತಿರವಾದ?

ತೊಂಬತ್ತರ ದಶಕದಲ್ಲಿ ಬೆಳೆದವರನ್ನು, ನಿಮಗೆ ತುಂಬ ಇಷ್ಟವಾದ ಅನಿಮೇಷನ್ ಸಿನಿಮಾ ಯಾವುದು ಅಂತ ಕೇಳಿ ನೋಡಿ. ಲಯನ್ ಕಿಂಗ್ ಅಂತಾರೆ, ಟಾಯ್ ಸ್ಟೋರಿ ಅಂತಾರೆ. ಸ್ವಲ್ಪ ಯೋಚಿಸಿ, "ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಬರ್ತಿತ್ತಲ್ಲ, ಆ ರಾಮಾಯಣ!" ಅಂತ ಸೇರಿಸ್ತಾರೆ. ಇವತ್ತು ಮಾತಾಡೋದು ಆ ಸಿನಿಮಾದ ಬಗ್ಗೆ: ರಾಮಾಯಣ, ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ.

1983ರಲ್ಲಿ ಯುಗೋ ಸಾಕೋ ಎಂಬ ಜಪಾನಿ ಸಾಕ್ಷ್ಯಚಿತ್ರಕಾರ ಭಾರತಕ್ಕೆ ಬಂದರು. ಪುರಾತತ್ವಜ್ಞ ಬಿ.ಬಿ. ಲಾಲ್ ಅವರ ಉತ್ಖನನದ ಬಗ್ಗೆ ಚಿತ್ರ ಮಾಡುವುದು ಅವರ ಕೆಲಸವಾಗಿತ್ತು. ಆ ಕೆಲಸದಲ್ಲೇ ರಾಮಾಯಣದ ಗುಂಗು ಹಿಡಿಯಿತು. ಊರಿಗೆ ಹೋಗಿ ಜಪಾನಿ ಭಾಷೆಯಲ್ಲಿದ್ದ ಹಲವು ರಾಮಾಯಣಗಳನ್ನು ಓದಿದರು. ರಾಮ ಇಲ್ಲಿನ ಜನಕ್ಕೆ ದೇವರು, ಹಾಗಾಗಿ ಒಬ್ಬ ನಟನ ಮುಖಕ್ಕಿಂತ ಕೈಯಲ್ಲಿ ಬರೆದ ಚಿತ್ರವೇ ಸರಿ ಅಂತ ಅವರಿಗೆ ಅನ್ನಿಸಿತು. ಹೊರದೇಶದವರು ನಮ್ಮ ರಾಮಾಯಣ ಮಾಡೋದಾ ಅಂತ ಇಲ್ಲಿಂದ ಆಕ್ಷೇಪದ ಪತ್ರವೂ ಹೋಯಿತು. ಸಾಕೋ ಕೈಬಿಡಲಿಲ್ಲ.

ಭಾರತದ ಕಡೆಯಿಂದ ಜೊತೆಯಾದವರು ರಾಮ್ ಮೋಹನ್. ಮುಂಬೈನಲ್ಲಿರುವವರಿಗೆ ಪೆಡ್ಡರ್ ರೋಡಿನ ಫಿಲ್ಮ್ಸ್ ಡಿವಿಷನ್ ಗೊತ್ತಿರುತ್ತೆ. ಮದ್ರಾಸಿನಲ್ಲಿ ಕೆಮಿಸ್ಟ್ರಿ ಓದಿದ್ದ ರಾಮ್ ಮೋಹನ್ 1956ರಲ್ಲಿ ಅದರ ಕಾರ್ಟೂನ್ ವಿಭಾಗ ಸೇರಿ, ಡಿಸ್ನಿಯಿಂದ ಬಂದಿದ್ದ ಕ್ಲೇರ್ ವೀಕ್ಸ್ ಹತ್ತಿರ ಕಲಿತರು. ಓದಿದ್ದು ಒಂದು, ಮಾಡಿದ್ದು ಇನ್ನೊಂದು, ಅದೂ ಪರವೂರಿನಲ್ಲಿ. ನಮ್ಮಲ್ಲಿ ಎಷ್ಟೋ ಜನರ ಕಥೆ ಇದೇ ಅಲ್ವಾ?

ರಾಮ್ ಮೋಹನ್, ಸಾಕೋ, ಕೊಯಿಚಿ ಸಾಸಾಕಿ ಮೂವರೂ ನಿರ್ದೇಶಕರು. ಸುಮಾರು 450 ಕಲಾವಿದರು, ಸುಮಾರು ಒಂದು ಲಕ್ಷ ಕೈಬರಹದ ಚಿತ್ರಗಳು. ಪಂಚೆ ಹೇಗೆ ಉಡುತ್ತಾರೆ, ಹಿರಿಯರ ಆಶೀರ್ವಾದ ಹೇಗೆ ತಗೊಳ್ತಾರೆ ಅನ್ನೋದನ್ನೆಲ್ಲ ನಮ್ಮವರು ಜಪಾನಿ ಕಲಾವಿದರಿಗೆ ತೋರಿಸಿಕೊಟ್ಟರು. ಜನ ಈ ಸಿನಿಮಾವನ್ನು ಇಷ್ಟಪಡೋಕೆ ಮೊದಲ ಕಾರಣ ಇಲ್ಲಿದೆ. ಕಾಡು, ನದಿ, ಯುದ್ಧಗಳ ವೈಭವ ಜಪಾನಿನದು, ಕೈ ಮುಗಿಯುವ ರೀತಿ ನಮ್ಮದು. ನೋಡೋವಾಗ ಯಾರೋ ಹೊರಗಿನವರು ಮಾಡಿದ್ದು ಅನ್ನಿಸೋದೇ ಇಲ್ಲ.

ಆದರೆ ಕಾಲ ಕೂಡಿ ಬರಲಿಲ್ಲ. 1993ರ ಜನವರಿಯಲ್ಲಿ ದೆಹಲಿಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಪ್ರದರ್ಶನವಾದಾಗ, ಬಾಬ್ರಿ ಮಸೀದಿ ಕೆಡವಿ ಒಂದು ತಿಂಗಳಷ್ಟೇ ಆಗಿತ್ತು. ಥಿಯೇಟರುಗಳಲ್ಲಿ ಸಿನಿಮಾ ದೊಡ್ಡದಾಗಿ ಬರಲೇ ಇಲ್ಲ. ಅದನ್ನು ಉಳಿಸಿದ್ದು ಟಿವಿ. ಮಕ್ಕಳು ಮತ್ತೆ ಮತ್ತೆ ನೋಡಿದರು. ಹಿಂದಿಯಲ್ಲಿ ರಾಮನಿಗೆ ಅರುಣ್ ಗೋವಿಲ್ ದನಿ, ರಾವಣನಿಗೆ ಅಮರೀಶ್ ಪುರಿ ದನಿ. ಒಂದು ತಲೆಮಾರಿಗೆ ರಾವಣ ಅಂದರೆ ಇವತ್ತಿಗೂ ಆ ದನಿಯೇ. ಎರಡನೇ ಕಾರಣ ಇದು: ಮಗು ಹತ್ತು ಸಲ ನೋಡಿದ ಸಿನಿಮಾ ಮಗುವಿನದ್ದೇ ಆಗಿಬಿಡುತ್ತೆ. ಕಥೆ ಮನಸ್ಸಿಗಿಳಿಯುವಾಗ ಅದರ ಭಾಷೆಯೂ ಜೊತೆಗೇ ಇಳಿಯುತ್ತೆ.

ನಮಗೆ ಸ್ವಲ್ಪ ಚುಚ್ಚುವ ವಿಷಯ ಇಲ್ಲೇ ಇರೋದು. 2025ರ ಜನವರಿ 24ರಂದು ಇದೇ ಸಿನಿಮಾ ಹೊಸ 4ಕೆ ರೂಪದಲ್ಲಿ ಥಿಯೇಟರಿಗೆ ಬಂತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಕನ್ನಡ ಇರಲಿಲ್ಲ. ನಾಗಚಂದ್ರನಿಂದ ಕುವೆಂಪುವರೆಗೆ, ನಡುವೆ ತೊರವೆ ನರಹರಿ, ರಾಮನ ಕಥೆಯನ್ನು ಇಷ್ಟು ಬಗೆಯಲ್ಲಿ ಹೇಳಿದ ಭಾಷೆ ನಮ್ಮದು.

ಡಬ್ಬಿಂಗ್ ನಮ್ಮಲ್ಲಿ ಹಳೆಯ ಗಾಯ. ಅರವತ್ತರ ದಶಕದಲ್ಲಿ ಕನ್ನಡ ಚಿತ್ರರಂಗ ಇನ್ನೂ ಮದ್ರಾಸಿನ ಸ್ಟುಡಿಯೋಗಳ ನೆರಳಲ್ಲಿತ್ತು. ಅನಕೃ, ರಾಜ್‌ಕುಮಾರ್ ಮುಂತಾದವರು ಡಬ್ಬಿಂಗ್ ಬೇಡ ಅಂದಿದ್ದರ ಹಿಂದೆ ನಮ್ಮ ಕಲಾವಿದರ ಅನ್ನದ ಪ್ರಶ್ನೆ ಇತ್ತು, ಅದನ್ನು ಹಗುರವಾಗಿ ನೋಡೋ ಹಾಗಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ನಿರ್ಬಂಧದ ವಿರುದ್ಧ ತೀರ್ಪು ಕೊಟ್ಟಿತು. ದೊಡ್ಡವರ ಸಿನಿಮಾ ಬಗ್ಗೆ ಇವತ್ತಿಗೂ ಎರಡು ಅಭಿಪ್ರಾಯ ಇರಬಹುದು. ಆದರೆ ಬರೆದ ರಾಮನಿಗೆ ಮಾತೃಭಾಷೆ ಯಾವುದು? ಯಾವ ಭಾಷೆಯಲ್ಲಿ ಮಾತಾಡಿಸಿದರೂ ಅದೇ ಅವನ ಭಾಷೆ.

ಆರು ತಿಂಗಳ ನಂತರ, ಜುಲೈ 25ಕ್ಕೆ, ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ ಮಹಾವತಾರ ನರಸಿಂಹ ಐದು ಭಾಷೆಗಳಲ್ಲಿ ಬಂತು, ಕನ್ನಡವೂ ಸೇರಿ. ಪ್ರಹ್ಲಾದ ಕನ್ನಡದಲ್ಲೇ ಮಾತಾಡಿದ.

ಸಾಕೋ 2012ರಲ್ಲಿ, ರಾಮ್ ಮೋಹನ್ 2019ರಲ್ಲಿ ತೀರಿಕೊಂಡರು. ತಮ್ಮ ಸಿನಿಮಾ ದೊಡ್ಡ ಪರದೆಗೆ ಮರಳಿದ್ದನ್ನು ಇಬ್ಬರೂ ನೋಡಲಿಲ್ಲ. ನಮ್ಮ ಕೈಲಿರೋದು ಚಿಕ್ಕ ಕೆಲಸ. ಪುಣೆಯಲ್ಲೋ ಹೈದರಾಬಾದಲ್ಲೋ ಮನೆಯ ಹೊರಗೆ ಮಗುವಿಗೆ ಕನ್ನಡ ಕೇಳಿಸೋದೇ ಕಡಿಮೆ. ಮುಂದಿನ ಸಲ ಕಾರ್ಟೂನ್ ಹಾಕೋವಾಗ ಆಡಿಯೋ ಪಟ್ಟಿಯಲ್ಲಿ ಕನ್ನಡ ಇದೆಯಾ ಅಂತ ನೋಡಿ, ಇದ್ದರೆ ಅದನ್ನೇ ಒತ್ತಿ. ಮಗು ಅದನ್ನ ಹತ್ತು ಸಲ ಹಾಕು ಅಂದ್ರೆ ಬೇಜಾರು ಮಾಡ್ಕೋಬೇಡಿ.

ನೀವು ಹತ್ತು ಸಲ ನೋಡಿದ ಸಿನಿಮಾ ಯಾವುದು, ಯಾವ ಭಾಷೆಯಲ್ಲಿ ನೋಡಿದ್ರಿ? ಬರೆದು ತಿಳಿಸಿ.