654ರಿಂದ ಕುಸುಬೆಯವರೆಗೆ: ಸೆಪ್ಸಿಸ್ ಚಿಕಿತ್ಸೆಯಲ್ಲಿ ಸಸ್ಯಮೂಲದ ಮದ್ದುಗಳು

ನಂಜೇರಿದ ರೋಗಿಯನ್ನು ಕೊಲ್ಲುವುದು ಬರೀ ಬ್ಯಾಕ್ಟೀರಿಯಾ ಅಲ್ಲ. ಸೋಂಕನ್ನು ಎದುರಿಸಬೇಕಾದ ದೇಹದ ಪ್ರತಿಕ್ರಿಯೆಯೇ ಹದ ತಪ್ಪಿ ಅಂಗಾಂಗಗಳನ್ನು ಕೆಡಿಸುತ್ತದೆ. ಸೆಪ್ಸಿಸ್ ಎಂದರೆ ಇದೇ ಎಂದು 2016ರ ವ್ಯಾಖ್ಯೆಯೂ ಹೇಳುತ್ತದೆ. ಈ ಅರ್ಥ ಸ್ಪಷ್ಟವಾಗುವ ಎಷ್ಟೋ ಮೊದಲೇ ಚೀನಾದ ವೈದ್ಯರು ಸೋಂಕನ್ನು ಆಂಟಿಬಯಾಟಿಕ್‌ಗೆ ಬಿಟ್ಟು, ದೇಹ ಕುಸಿಯದಂತೆ ತಡೆಯಲು ಗಿಡವೊಂದರ ಸಾರವನ್ನು ಬಳಸಿದ್ದರು.

ಟಿಬೆಟ್ ಪ್ರಸ್ಥಭೂಮಿಯಲ್ಲಿ ಬೆಳೆಯುವ ಆ ಗಿಡ ಅನಿಸೋಡಸ್; ಬದನೆ ಕುಟುಂಬದ ಸಸ್ಯ, ನಮ್ಮ ದತ್ತೂರಿಯ ನೆಂಟ. 1965ರ ಏಪ್ರಿಲ್‌ನಲ್ಲಿ ಅದರಿಂದ ಬೇರ್ಪಡಿಸಿದ ಅನಿಸೋಡಮೈನ್‌ಗೆ ಆ ವರ್ಷ-ತಿಂಗಳೇ ಹೆಸರಾಗಿ ‘654’ ಎಂಬ ಗುರುತು ಅಂಟಿಕೊಂಡಿತು. ಮಕ್ಕಳಲ್ಲಿ ಮೆನಿಂಜೈಟಿಸ್ ಉಲ್ಬಣಿಸಿ ಆಘಾತ ಉಂಟಾದಾಗ ಇದನ್ನು ಕೊಟ್ಟರು. ಇದೇ ಬಗೆಯ ಮದ್ದಾದ ಅಟ್ರೋಪಿನ್‌ಗಿಂತ ಇದು ಮಿದುಳಿಗೆ ಕಡಿಮೆ ತೊಂದರೆ ಕೊಡುತ್ತಿತ್ತು. ಬಿಗಿದುಕೊಂಡ ಸೂಕ್ಷ್ಮ ರಕ್ತನಾಳಗಳು ಸಡಿಲವಾಗಿ ರಕ್ತ ಮತ್ತೆ ಹರಿಯುತ್ತದೆ ಎಂಬುದು ಆಗಿನ ವಿವರಣೆ.

ವಿವರಣೆ ಬದಲಾಯಿತು, ಮದ್ದು ಉಳಿಯಿತು. 1999ರಲ್ಲಿ ನ್ಯೂಯಾರ್ಕ್‌ನ ಹೈಚಾವೊ ವಾಂಗ್, ಕೆವಿನ್ ಟ್ರೇಸಿ ಮತ್ತು ಸಂಗಡಿಗರು ಎಚ್‌ಎಮ್‌ಜಿಬಿ1 ಎಂಬ ಪ್ರೋಟೀನು ಸೆಪ್ಸಿಸ್‌ನಲ್ಲಿ ತಡವಾಗಿ ರಕ್ತ ಸೇರಿ ಹಾನಿ ಮಾಡುವುದನ್ನು ತೋರಿಸಿದರು. ಕೆಲವೇ ಗಂಟೆಗಳಲ್ಲಿ ಏರಿ ಇಳಿಯುವ ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನಿನ ಬೆನ್ನು ಹತ್ತಿ ಸೋತಿದ್ದ ಕ್ಷೇತ್ರಕ್ಕೆ ಇದರಿಂದ ಮದ್ದು ಕೊಡಲು ಸಮಯ ಸಿಕ್ಕಿತು. 2004ರಲ್ಲಿ ಇದೇ ತಂಡ, ತಂಬಾಕಿನ ನಿಕೋಟಿನ್ ಜೀವಕೋಶಗಳ ಮೇಲಿನ ಆಲ್ಫಾ-7 ಎಂಬ ಗ್ರಾಹಿಯ ಮೂಲಕ ಆ ಪ್ರೋಟೀನಿನ ಬಿಡುಗಡೆಯನ್ನು ತಡೆದು ಇಲಿಗಳನ್ನು ಉಳಿಸುತ್ತದೆ ಎಂದು ವರದಿ ಮಾಡಿತು. ತಂಬಾಕೂ ಬದನೆ ಕುಟುಂಬದ್ದೇ! ಮುಂದೆ ಚೀನೀ ಸಂಶೋಧಕರು ಹಳೆಯ 654ರ ಗುಣವನ್ನೂ ಇದೇ ಗ್ರಾಹಿಯ ದಾರಿಯಿಂದ ವಿವರಿಸಲು ಹೊರಟರು. 2007ರಲ್ಲಿ ಹಸಿರು ಚಹಾದ ಇಜಿಸಿಜಿ ಎಂಬ ಅಂಶದ ಸರದಿ: ಇಲಿಗಳಲ್ಲಿ ಸೆಪ್ಸಿಸ್ ಉಂಟುಮಾಡಿ 24 ಗಂಟೆ ಕಳೆದ ಮೇಲೆ ಕೊಟ್ಟರೂ ಅದು ಫಲ ಕೊಟ್ಟಿತು.

ಆದರೆ ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಸೋಲುವುದೇ ಈ ರೋಗದ ಚರಿತ್ರೆಯಲ್ಲಿ ಹೆಚ್ಚು. ಹಾಗಾಗಿ ಷುವೆಬಿಜಿಂಗ್ ಚುಚ್ಚುಮದ್ದಿನ ಪ್ರಯೋಗಕ್ಕೆ ಬೇರೆಯೇ ತೂಕವಿದೆ. ಇದು ಒಂದೇ ಶುದ್ಧ ರಾಸಾಯನಿಕವಲ್ಲ, ಐದು ಸಸ್ಯಗಳ ಸಾರ. ಚೀನಾದಲ್ಲಿ 2004ರಲ್ಲಿ ಅನುಮೋದನೆ ಪಡೆದ ಇದನ್ನು ಅಲ್ಲಿನ 45 ಆಸ್ಪತ್ರೆಗಳ 1,817 ರೋಗಿಗಳ ಮೇಲೆ ಪರೀಕ್ಷಿಸಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, 28 ದಿನಗಳೊಳಗೆ ಸತ್ತವರು ಮದ್ದು ಪಡೆದವರಲ್ಲಿ ಶೇ. 18.8, ಹುಸಿಮದ್ದು ಪಡೆದವರಲ್ಲಿ ಶೇ. 26.1. ಪ್ರಯೋಗ ನಡೆದದ್ದು ಒಂದೇ ದೇಶದಲ್ಲಿ. ಬೇರೆಡೆಯೂ ಇದು ಮರುಕಳಿಸದೆ ಪೂರ್ತಿ ನಂಬಿಕೆ ಸಲ್ಲದು. ಐದರಲ್ಲಿ ಯಾವ ಸಸ್ಯದ ಯಾವ ಅಂಶದ ಕೆಲಸವಿದು ಎಂಬುದನ್ನೂ ಈ ಅಂಕಿಗಳು ಹೇಳವು.

ಆ ಐದರಲ್ಲೊಂದು ಕುಸುಬೆ. ವಿಜಯಪುರ, ಕಲಬುರಗಿಯ ಎರೆಹೊಲಗಳಲ್ಲಿ ಅದನ್ನು ಎಣ್ಣೆಗಾಗಿ ಬೆಳೆಯುತ್ತಾರೆ. ಅಲ್ಲಿನ ರೈತ ಕಾಯುವುದು ಬೀಜಕ್ಕೆ, ಈ ಮದ್ದಿಗೆ ಹೋಗುವುದು ಹೂವಿನ ಎಸಳು.