ಅನಿರೀಕ್ಷಿತ ವೆಚ್ಚಗಳ ನಡುವೆ ಕುಟುಂಬದ ಸಾಲ ಮರುಪಾವತಿ: ಸಾರ್ವಜನಿಕರ ಮಾಹಿತಿಗಾಗಿ

ಕುಟುಂಬವು ಸಾಲದ ಕಂತುಗಳನ್ನು ನಿಯಮಿತವಾಗಿ ಪಾವತಿಸುತ್ತಿರುವಾಗಲೇ ಆಸ್ಪತ್ರೆಯ ಖರ್ಚು, ವಾಹನದ ದುರಸ್ತಿ ಅಥವಾ ಕೆಲಸದ ನಷ್ಟ ಎದುರಾಗುವುದುಂಟು. ಆಗ ತುರ್ತಿಗೆಂದು ಪಡೆಯುವ ಕೈಸಾಲವು ಹಲವು ಬಾರಿ ಹಿಂದಿನ ಎಲ್ಲ ಸಾಲಗಳಿಗಿಂತ ಭಾರವಾಗುತ್ತದೆ. ಇದನ್ನು ತಪ್ಪಿಸುವ ಕ್ರಮಗಳನ್ನು ಹಾಗೂ ಸಾಲಗಾರರಿಗೆ ಇರುವ ಕಾನೂನಿನ ರಕ್ಷಣೆಯನ್ನು ಇಲ್ಲಿ ತಿಳಿಸಲಾಗಿದೆ.

ಬಡ್ಡಿಯ ಲೆಕ್ಕ

‘ನೂರಕ್ಕೆ ಮೂರು ರೂಪಾಯಿ’ ಎಂಬುದು ತಿಂಗಳ ಬಡ್ಡಿ. ವರ್ಷಕ್ಕೆ ಅದು ಶೇ. 36 ಆಗುತ್ತದೆ. ಈ ದರದಲ್ಲಿ ರೂ. 50,000 ಕೈಸಾಲಕ್ಕೆ ತಿಂಗಳಿಗೆ ರೂ. 1,500 ಬಡ್ಡಿ ಬೀಳುತ್ತದೆ. ವಾರ್ಷಿಕ ಶೇ. 12ರ ದರದಲ್ಲಿ ರೂ. 1,00,000 ಚಿನ್ನಾಭರಣ ಸಾಲ ಪಡೆದಿದ್ದಲ್ಲಿ ಬೀಳುವುದು ರೂ. 1,000 ಮಾತ್ರ. ಆದುದರಿಂದ ಎಲ್ಲ ಸಾಲಗಳ ನಿಗದಿತ ಕಂತುಗಳನ್ನು ಪಾವತಿಸಿದ ನಂತರ ಉಳಿಯುವ ಹಣವನ್ನು, ಮೊತ್ತ ಚಿಕ್ಕದಾಗಿದ್ದರೂ, ಅಧಿಕ ಬಡ್ಡಿಯ ಸಾಲದ ಅಸಲಿಗೆ ಜಮಾ ಮಾಡುವುದು ಸೂಕ್ತ.

ಆದರೆ ಉಳಿದದ್ದೆಲ್ಲವನ್ನೂ ಅಸಲಿಗೇ ಕಟ್ಟಿದಲ್ಲಿ ಮುಂದಿನ ತುರ್ತಿಗೆ ಕೈ ಬರಿದಾಗಿರುತ್ತದೆ. ತಿಂಗಳಿಗೆ ರೂ. 2,000 ಉಳಿಸಬಲ್ಲ ಕುಟುಂಬವು ರೂ. 1,000ವನ್ನು ಪ್ರತ್ಯೇಕ ಉಳಿತಾಯ ಖಾತೆಯಲ್ಲಿರಿಸಿದರೆ ಹತ್ತು ತಿಂಗಳಿಗೆ ರೂ. 10,000 ಆಗುತ್ತದೆ, ಅಲ್ಲಿಂದ ಮುಂದೆ ಪೂರ್ಣ ಹಣವನ್ನು ಅಸಲಿಗೆ ಕಟ್ಟಬಹುದು. ಇದರಿಂದ ಸಾಲ ತೀರುವುದು ಕೆಲಕಾಲ ತಡವಾಗುವುದು ನಿಜ. ಆದಾಗ್ಯೂ ಮತ್ತೊಂದು ಕೈಸಾಲಕ್ಕಿಂತ ಆ ನಷ್ಟ ಕಡಿಮೆ. ಶಾಲಾ ಶುಲ್ಕ, ಹಬ್ಬ, ವಿಮಾ ಕಂತು ಇವು ಅನಿರೀಕ್ಷಿತ ವೆಚ್ಚಗಳಲ್ಲ. ವರ್ಷದ ಮೊತ್ತವನ್ನು 12ರಿಂದ ಭಾಗಿಸಿ ಪ್ರತಿ ತಿಂಗಳು ತೆಗೆದಿರಿಸತಕ್ಕದ್ದು.

ಚಿಕಿತ್ಸಾ ವೆಚ್ಚ

ಸಾಲ ಮಾಡುವ ಮೊದಲು ‘ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ’ ಯೋಜನೆಯಡಿ ಸೌಲಭ್ಯವಿದೆಯೇ ಎಂದು ವಿಚಾರಿಸಬೇಕು. ಬಿ.ಪಿ.ಎಲ್. ಕುಟುಂಬಗಳಿಗೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸೆ ಲಭ್ಯ. ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು ವಾರ್ಷಿಕ ರೂ. 1.5 ಲಕ್ಷದ ಮಿತಿಯಲ್ಲಿ ಭರಿಸಲಾಗುತ್ತದೆ.

ಕಂತು ತಪ್ಪುವ ಸಂಭವವಿದ್ದಲ್ಲಿ

ಕಂತಿನ ದಿನಾಂಕಕ್ಕೆ ಮುನ್ನವೇ ಶಾಖೆಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಅವಧಿ ವಿಸ್ತರಣೆಯು ಬ್ಯಾಂಕಿನ ವಿವೇಚನೆಗೆ ಒಳಪಟ್ಟಿದ್ದರೂ, ಕಂತು ತಪ್ಪಿದ ನಂತರ ಕೇಳುವುದಕ್ಕಿಂತ ಮೊದಲೇ ಕೇಳುವುದು ಪ್ರಯೋಜನಕರ. ಭಾರತೀಯ ರಿಸರ್ವ್ ಬ್ಯಾಂಕ್ 2023ರಲ್ಲಿ ಹೊರಡಿಸಿದ ನಿಯಮದಂತೆ ದಂಡ ಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ವಿಧಿಸುವಂತಿಲ್ಲ. ಕಿರುಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ದಂಡವಿಲ್ಲ.

ಖಾಸಗಿ ಲೇವಾದೇವಿಗಾರರು

ಕರ್ನಾಟಕ ಲೇವಾದೇವಿಗಾರರ ಅಧಿನಿಯಮ, 1961ರಡಿ ಪರವಾನಗಿ ಕಡ್ಡಾಯ. ನಿಗದಿತ ಗರಿಷ್ಠ ವಾರ್ಷಿಕ ಬಡ್ಡಿಯು ಭದ್ರತೆಯುಳ್ಳ ಸಾಲಕ್ಕೆ ಶೇ. 14, ಭದ್ರತೆಯಿಲ್ಲದ ಸಾಲಕ್ಕೆ ಶೇ. 16 ಆಗಿದೆ. ಇದಕ್ಕಿಂತ ಹೆಚ್ಚಿನ ಬಡ್ಡಿ ವಸೂಲು ಮಾಡುವುದು 2004ರ ಅತಿಯಾದ ಬಡ್ಡಿ ನಿಷೇಧ ಅಧಿನಿಯಮದಡಿ ಅಪರಾಧ. ಮೇಲಿನ ‘ನೂರಕ್ಕೆ ಮೂರು’ ಈ ಮಿತಿಯ ಎರಡು ಪಟ್ಟಿಗಿಂತಲೂ ಅಧಿಕವೆಂಬುದನ್ನು ಗಮನಿಸುವುದು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಹಣಕಾಸು ಸಂಸ್ಥೆಗಳಿಗೆ ಈ ಮಿತಿ ಅನ್ವಯಿಸುವುದಿಲ್ಲ.

ದೂರು

ಅಧಿಕ ಬಡ್ಡಿಯ ಬಗ್ಗೆ ಜಿಲ್ಲೆಯ ಸಹಕಾರ ಸಂಘಗಳ ಉಪನಿಬಂಧಕರ ಕಚೇರಿಗೆ, ಬಲವಂತದ ವಸೂಲಿ ಬಗ್ಗೆ ಸಮೀಪದ ಪೊಲೀಸ್ ಠಾಣೆಗೆ ದೂರು ನೀಡಬಹುದು. ಇಂತಹ ವಸೂಲಿಯನ್ನು ತಡೆಯಲೆಂದೇ ರಾಜ್ಯದಲ್ಲಿ 2025ರಲ್ಲಿ ಪ್ರತ್ಯೇಕ ಕಾನೂನು ಜಾರಿಗೆ ಬಂದಿದೆ. ಬ್ಯಾಂಕು ಅಥವಾ ನೋಂದಾಯಿತ ಹಣಕಾಸು ಸಂಸ್ಥೆಯು ಲಿಖಿತ ದೂರಿಗೆ 30 ದಿನಗಳೊಳಗೆ ಉತ್ತರಿಸದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ದೂರಿನೊಂದಿಗೆ ಸಾಲದ ಕರಾರುಪತ್ರ, ಕಂತು ಪಾವತಿಸಿದ ರಸೀದಿಗಳು ಮತ್ತು ಶಾಖೆಯ ಸ್ವೀಕೃತಿಯ ಪ್ರತಿಗಳನ್ನು ಲಗತ್ತಿಸುವುದು. ಮೂಲ ದಾಖಲೆಗಳನ್ನು ಯಾರಿಗೂ ಒಪ್ಪಿಸಬಾರದು.