ಭಾಷೆಗೆ ಪೀಠ ಕೊಟ್ಟರು, ಆಡುವವರಿಗೆ ಕುರ್ಚಿ?

 

ನಮ್ಮ ಸಂವಿಧಾನದ ರಾಜ್ಯ ನಿರ್ದೇಶಕ ತತ್ವಗಳಿಗೆ ಐರ್ಲೆಂಡಿನ 1937ರ ಸಂವಿಧಾನ ಮಾದರಿ ಅಂತ ನಾವೆಲ್ಲ ಓದಿದ್ದೀವಿ. ಅದೇ ಸಂವಿಧಾನದ 8ನೇ ವಿಧಿ ಏನು ಹೇಳುತ್ತೆ ಗೊತ್ತಾ? ಐರಿಶ್ ಮೊದಲ ಅಧಿಕೃತ ಭಾಷೆ, ಇಂಗ್ಲಿಷ್ ಎರಡನೆಯದು. ಕಾಗದದ ಮೇಲೆ ಇದಕ್ಕಿಂತ ದೊಡ್ಡ ಪೀಠ ಬೇಕೇ? ಆದರೆ ಗುಮಾಸ್ತಿಕೆ ಮಾಡುವ ನನಗೆ ಬರುವ ಪ್ರಶ್ನೆ ಬೇರೆ. ಆ ಭಾಷೆಯಲ್ಲಿ ಕಡತ ಬರೆಯೋರು ಯಾರು?

ಮೊದಲು ಆ ಭಾಷೆ ಯಾರ ಬಾಯಲ್ಲಿತ್ತು ನೋಡಿ. 1840ರ ದಶಕದ ಮಹಾ ಬರಗಾಲದಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಸುಮಾರು 10 ಲಕ್ಷ ಜನ ಸತ್ತರು. ಲಕ್ಷಾಂತರ ಜನ ಹಡಗು ಹತ್ತಿದರು. ಹೆಚ್ಚು ಪೆಟ್ಟು ಬಿದ್ದಿದ್ದು ಐರಿಶ್ ಮಾತಾಡುವ ಬಡ ಗೇಣಿದಾರರಿಗೆ, ಕೂಲಿಗಳಿಗೆ. ಉಳಿದವರಿಗೆ ಶಾಲೆ, ಕೋರ್ಟು, ನೌಕರಿ ಎಲ್ಲವೂ ಇಂಗ್ಲಿಷ್. ಕೊನೆಗೆ ಭಾಷೆ ಉಳಿದಿದ್ದು ಮುಖ್ಯವಾಗಿ ಪಶ್ಚಿಮ ಕರಾವಳಿಯ ಬಡ ಊರುಗಳಲ್ಲಿ. ಆ ಸೀಮೆಗೆ ಗೇಲ್ತಖ್ತ್ ಅಂತಾರೆ.

1922ರಲ್ಲಿ ಸ್ವಂತ ಸರ್ಕಾರ ಬಂತು. ತಕ್ಷಣ ಬೇಕಾದವರು ಐರಿಶ್ ಬಲ್ಲ ಮೇಷ್ಟ್ರುಗಳು. 1926ರಿಂದ ಸರ್ಕಾರವೇ ವಸತಿ ಕಾಲೇಜು ತೆರೆದು ಹದಿಹರೆಯದ ಮಕ್ಕಳನ್ನು ಶಿಕ್ಷಕ ತರಬೇತಿಗೆ ತಯಾರು ಮಾಡಿತು. ಸೀಟುಗಳಲ್ಲಿ ಒಂದು ಪಾಲು ಐರಿಶ್ ಮನೆಮಾತಿನ ಮಕ್ಕಳಿಗೆ ಮೀಸಲು. ಹೌದು, ಮೀಸಲು! ಹಾಗೆ ಗೇಲ್ತಖ್ತ್‌ನ ಬಡವರ ಮಕ್ಕಳಿಗೂ ಮೇಷ್ಟ್ರಾಗೋ ದಾರಿ ಸಿಕ್ಕಿತು. 1960ರ ದಶಕದ ಆರಂಭದಲ್ಲಿ ಈ ಕಾಲೇಜುಗಳನ್ನು ಬಹುತೇಕ ಮುಚ್ಚಿದರು.

ಕಚೇರಿಗಳ ಕತೆ ಬೇರೆ. ಸರ್ಕಾರಿ ನೌಕರಿ ಬೇಕಾದ್ರೆ ಐರಿಶ್ ಪಾಸಾಗಬೇಕು ಅಂತ ನಿಯಮ ತಂದರು. ಪಾಸಾಗಿ ಒಳಗೆ ಹೋದ ಮೇಲೆ ಹೆಚ್ಚಿನ ಕಡತ ಓಡಿದ್ದು ಇಂಗ್ಲಿಷಿನಲ್ಲೇ. 1974ರಲ್ಲಿ ಆ ಕಡ್ಡಾಯವೂ ಹೋಯ್ತು.

ಸುಮ್ಮನಿದ್ದರೆ ಏನೂ ಸಿಗಲ್ಲ ಅಂತ ಗೇಲ್ತಖ್ತ್ ಯುವಕರಿಗೆ ಅರ್ಥವಾಗಿತ್ತು. 1969ರಲ್ಲಿ ನಾಗರಿಕ ಹಕ್ಕುಗಳ ಚಳವಳಿ ಕಟ್ಟಿದರು. 1970ರಲ್ಲಿ ಪರವಾನಗಿ ಇಲ್ಲದೆಯೇ ರೇಡಿಯೋ ನಡೆಸಿದರು. 1972ರಲ್ಲಿ ಸರ್ಕಾರವೇ ಐರಿಶ್ ಬಾನುಲಿ ಕೇಂದ್ರ ತೆರೆಯಬೇಕಾಯಿತು.

ಮುಂದಿನ ಏಟು ಕೋರ್ಟಿನದು. ಕಾನೂನುಗಳ ಐರಿಶ್ ಅನುವಾದ ಕೊಡುವ ಸಾಂವಿಧಾನಿಕ ಹೊಣೆಯಲ್ಲಿ ಸರ್ಕಾರ ಸೋತಿದೆ ಅಂತ 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. 2003ರಲ್ಲಿ ಅಧಿಕೃತ ಭಾಷೆಗಳ ಕಾಯ್ದೆ ಬಂತು. 2007ರಲ್ಲಿ ಐರಿಶ್ ಐರೋಪ್ಯ ಒಕ್ಕೂಟದ ಅಧಿಕೃತ ಭಾಷೆಯೂ ಆಯಿತು. ಆದರೆ ಅನುವಾದಕರೇ ಸಾಲದು! ಎಲ್ಲವನ್ನೂ ಅನುವಾದಿಸುವುದರಿಂದ ವಿನಾಯಿತಿ ಕೊಟ್ಟರು. ಗಾಲ್ವೇ ವಿಶ್ವವಿದ್ಯಾಲಯದಲ್ಲಿ ದುಭಾಷಿಗಳಿಗೆ, ಡಬ್ಲಿನ್‌ನ ಕಿಂಗ್ಸ್ ಇನ್ಸ್‌ನಲ್ಲಿ ಭಾಷೆ ಬಲ್ಲ ವಕೀಲರಿಗೆ ತರಬೇತಿ ನಡೆಯಿತು. ವಿನಾಯಿತಿ ಮುಗಿದು ಪೂರ್ಣ ಸ್ಥಾನ ಸಿಕ್ಕಿದ್ದು 2022ರ ಜನವರಿ 1ಕ್ಕೆ. 15 ವರ್ಷ ಹಿಡಿಯಿತು!

2021ರ ತಿದ್ದುಪಡಿಯ ಗುರಿ ಇದು: 2030ರ ಕೊನೆಗೆ ಸರ್ಕಾರಿ ಸಂಸ್ಥೆಗಳಿಗೆ ಹೊಸದಾಗಿ ಸೇರುವವರಲ್ಲಿ ಶೇ 20ರಷ್ಟು ಜನ ಐರಿಶ್ ಬಲ್ಲವರಿರಬೇಕು. ಒಳ್ಳೆಯದೇ. ಆದರೆ ಆ ಇಪ್ಪತ್ತರಲ್ಲಿ, ಹಸಿವಲ್ಲೂ ಭಾಷೆ ಬಿಡದವರ ಮೊಮ್ಮಕ್ಕಳೆಷ್ಟು, ನಗರದಲ್ಲಿ ಪದವಿಗಾಗಿ ಅದನ್ನು ಕಲಿತವರೆಷ್ಟು? ಇಬ್ಬರೂ ಬೇಕು, ಸರಿ. ಮೊದಲನೆಯವರು ಆ ಪರೀಕ್ಷೆಯ ಬಾಗಿಲವರೆಗೆ ಬರೋದಕ್ಕೆ 1926ರ ಹಾಸ್ಟೆಲ್ಲಿನಂಥದ್ದು ಬೇಕು.

ಅಧಿಕೃತ ಭಾಷೆ ಅಂತ ಘೋಷಿಸೋದು ಒಂದು ದಿನದ ಕೆಲಸ. ಅದನ್ನಾಡುವವರ ಮಕ್ಕಳನ್ನು ಕಚೇರಿಯ ಕುರ್ಚಿಯವರೆಗೆ ತರೋದು ತಲೆಮಾರುಗಳ ಕೆಲಸ.

ಜೈ ಭೀಮ್.